ಮೋಟು ಪಾನಾವೋ, ಗಿಡ್ಡ ಕಾವಿನ ಪಾನಾವೋ? ಗ್ಯಾರೇಜ್ ಕೈಪಿಡಿಗೆ ಕೆಲವು ಪದ ಬೇಕಾಗಿವೆ

ಬಳಗದ ಎಲ್ಲರಿಗೂ ಹುಬ್ಬಳ್ಳಿಯಿಂದ ನಮಸ್ಕಾರ.

ಇಲ್ಲಿ ಗೋಕುಲ ರಸ್ತೆಯ ಆಸುಪಾಸಿನ ಗ್ಯಾರೇಜುಗಳಲ್ಲಿ ಕೆಲಸ ಕಲಿಯುವ ಹುಡುಗರಿಗೆಂದು ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಸಿದ್ಧವಾಗುತ್ತಿದೆ. ಬರೆಯುವ ಪಾಲು ನನ್ನದು. ಸುತ್ತಿಗೆ, ಪಕ್ಕಡ, ಪೇಚ್‌ಕಸ್‌ವರೆಗೂ ಬರವಣಿಗೆ ಸರಾಗವಾಗಿ ಬಂತು. ಈಗ ಒಂದು ಪಾನಾದ, ಅಂದರೆ ನಟ್ಟು ಬೋಲ್ಟು ತಿರುಗಿಸುವ ಸ್ಪ್ಯಾನರಿನ, ಹತ್ತಿರ ಗಾಡಿ ನಿಂತಿದೆ. ಪೆಟ್ಟಿಗೆ ಮೇಲಿನ ಹೆಸರು ‘ಸ್ಟಬ್ಬಿ ಫ್ಲೆಕ್ಸ್ ಹೆಡ್ ರಾಚೆಟಿಂಗ್ ರೆಂಚ್’. ಹೆಸರು ಮೊಳದುದ್ದ, ಪಾನಾ ಅಂಗೈಯಷ್ಟು. ಈ ಹೆಸರನ್ನು ಹಾಗೇ ಕನ್ನಡ ಲಿಪಿಗಿಳಿಸಿದರೆ ಹುಡುಗ ತಡವರಿಸಿಯಾದರೂ ಓದುತ್ತಾನೆ. ಆದರೆ ಅಂಗಡಿಯಲ್ಲಿ ನಾಲ್ಕು ತರಹದ್ದು ಮುಂದಿಟ್ಟಾಗ ಯಾವುದನ್ನು ಎತ್ತಿಕೊಳ್ಳಬೇಕು ಎಂಬುದಕ್ಕೆ ಆ ಹೆಸರಿನಿಂದ ಅವನಿಗೆ ಏನೂ ಸಿಗುವುದಿಲ್ಲ. ನನಗೆ ಬೇಕಿರುವುದು ಆರಿಸಲು ನೆರವಾಗುವ ಮಾತುಗಳು.

ವಸ್ತುವಿನ ಪರಿಚಯ ಇಲ್ಲದವರಿಗೆ ಎರಡು ಮಾತು. ಒಂದು ತುದಿಯಲ್ಲಿ ಬಾಯಿ ತೆರೆದ ಸಾದಾ ಫಿಕ್ಸ್ ಪಾನಾ. ಇನ್ನೊಂದು ತುದಿ ರಿಂಗು. ಆ ರಿಂಗಿನೊಳಗೆ ರಾಚೆಟ್ ಎಂಬ ಹಲ್ಲಿನ ಗಾಲಿ ಕೂತಿರುತ್ತದೆ. ಮುಂದಕ್ಕೆ ಎಳೆದರೆ ನಟ್ಟನ್ನು ಹಿಡಿದು ತಿರುಗಿಸುತ್ತದೆ, ಹಿಂದಕ್ಕೆ ತಂದರೆ ಕಟಕಟ ಎನ್ನುತ್ತ ಸುಮ್ಮನೆ ಜಾರುತ್ತದೆ. ಪ್ರತಿ ಸಲ ನಟ್ಟಿನಿಂದ ತೆಗೆದು ಮತ್ತೆ ಕೂರಿಸುವ ಕೆಲಸವಿಲ್ಲ. ರಿಂಗಿನ ಬುಡದಲ್ಲೊಂದು ಕೀಲು ಇರುವುದರಿಂದ ತಲೆ ಆಚೆಗೂ ಈಚೆಗೂ ಬಾಗುತ್ತದೆ. 10 ಎಂಎಂ ನಟ್ಟಿಗೆ ಕೂರುವ ಅಳತೆಯದನ್ನೇ ತೆಗೆದುಕೊಂಡರೆ, ಮಾಮೂಲಿ ಉದ್ದದ್ದು ಸುಮಾರು 16 ಸೆಂಟಿಮೀಟರ್ ಇರುತ್ತದೆ, ಇದು ಸುಮಾರು 10.

ಪಾನಾ ಎಂಬುದರ ಬಗ್ಗೆ ಚರ್ಚೆ ಬೇಡ ಎಂದೇ ನನ್ನ ಮನಸ್ಸು. ಕರಡು ನೋಡಿದ ಬೆಂಗಳೂರಿನ ಗೆಳೆಯರೊಬ್ಬರು ‘ಪಾನ ಅಂದರೆ ಕುಡಿಯೋದಲ್ವಾ, ಸ್ಪ್ಯಾನರ್ ಅಂತಲೇ ಹಾಕಿ’ ಎಂದರು. ಮರಾಠಿಯಿಂದ ಬಂದ ಪಾನಾಕ್ಕೆ ಕೊನೆಯ ದೀರ್ಘ ಇದೆ, ಕುಡಿಯುವ ಪಾನಕ್ಕೆ ಇಲ್ಲ. ಗ್ಯಾರೇಜಿನಲ್ಲಿ ಯಾರಿಗೂ ಈ ಗೊಂದಲ ಆದದ್ದನ್ನು ನಾನು ಕಂಡಿಲ್ಲ. ರಿಂಗ್ ಪಾನಾ, ಫಿಕ್ಸ್ ಪಾನಾ, ಗೋಟಿ ಪಾನಾ, ಟಿ ಪಾನಾ ಎಂದು ಇಡೀ ಸಂಸಾರವೇ ಬೆಳೆದು ನಿಂತಿರುವಾಗ ಹೊಸದಾಗಿ ಬಂದದ್ದೊಂದನ್ನು ಮಾತ್ರ ಸ್ಪ್ಯಾನರ್ ಎಂದು ಕರೆದು ಪಂಕ್ತಿಯಿಂದ ಹೊರಗೆ ಕೂರಿಸುವುದೇಕೆ? ತೊಡಕಿರುವುದು ಅದರ ಹಿಂದೆ ಹಚ್ಚಬೇಕಾದ ಗುಣಗಳಲ್ಲಿ.

ಮೊದಲನೆಯದು ಜಾಗದ ಮಾತು. ಈ ಪಾನಾ ಹುಟ್ಟಿದ್ದೇ ಅದಕ್ಕಾಗಿ. ಎಂಜಿನ್ನಿನ ಸಂದಿಯಲ್ಲಿ ಅವಿತುಕೊಂಡ ಸ್ಟಾರ್ಟರ್ ಮೋಟಾರಿನ ಬೋಲ್ಟು ನೆನಪಿಸಿಕೊಳ್ಳಿ. ಕೈ ಹೋಗುತ್ತದೆ, ಪಾನಾನೂ ಹೋಗುತ್ತದೆ, ಆದರೆ ತಿರುಗಿಸಲು ಎಡೆ ಇರುವುದಿಲ್ಲ. ಆರು ಮೂಲೆಯ ನಟ್ಟಿಗೆ ಫಿಕ್ಸ್ ಪಾನಾ ಹಾಕಿದರೆ ಮುಂದಿನ ಹಿಡಿತ ಸಿಗಲು 60 ಡಿಗ್ರಿ ತಿರುಗಬೇಕು. ಅದರ ಬಾಯಿ 15 ಡಿಗ್ರಿ ಓರೆಯಾಗಿರುವುದರಿಂದ ಮಗುಚಿ ಮಗುಚಿ ಹಾಕಿ 30ರಲ್ಲಿ ಸುಧಾರಿಸಬಹುದು. ಹನ್ನೆರಡು ಮೂಲೆಯ ರಿಂಗ್ ಪಾನಾಕ್ಕೂ 30 ಬೇಕು. ರಾಚೆಟ್ಟಿನ ಗಾಲಿಗೆ 72 ಹಲ್ಲು ಇದ್ದರೆ 5 ಡಿಗ್ರಿ ಸಾಕು. 90 ಹಲ್ಲಿಗೆ 4, 120 ಹಲ್ಲಿಗೆ 3. ಪಾನಾ ತಿರುಗಲು ಬೇಕಾಗುವ ಈ ಎಡೆಗೆ ಏನನ್ನೋಣ? ‘ತಿರುಗುಕೋನ’ ಎಂದು ಬರೆದು ಹೊಡೆದು ಹಾಕಿದೆ, ರೇಖಾಗಣಿತದ ಪುಸ್ತಕ ತೆರೆದ ಹಾಗಾಯಿತು. ಪಕ್ಕದ ಗ್ಯಾರೇಜಿನ ಉಸ್ತಾದರು ಹುಡುಗನಿಗೆ ಹೇಳುತ್ತಿದ್ದ ಮಾತು ಕಿವಿಗೆ ಬಿತ್ತು: ‘ಲೇ ತಮ್ಮಾ, ಉದ್ದಂದು ಯಾಕ ತುರಕ್ತಿ? ಅಲ್ಲೆ ಹೊಳ್ಳಾಕ ಜಾಗಾ ಎಲ್ಲೈತಿ?’

ಹೊಳ್ಳು ನಮ್ಮ ಕಡೆಯ ದಿನಬಳಕೆಯ ಮಾತು. ಹೊರಳು ಎಂಬುದೇ ಹೊಳ್ಳು ಆಗಿದೆ, ಮರಳಿ ಎಂಬುದು ಮಳ್ಳಿ ಆದ ಹಾಗೆ. ಮಗ್ಗಲು ಹೊಳ್ಳುತ್ತೇವೆ, ರೊಟ್ಟಿ ಹೊಳ್ಳಿಸುತ್ತೇವೆ, ಊರಿಗೆ ಹೋದವರು ಹೊಳ್ಳಿ ಬರುತ್ತಾರೆ. ಹೋಗುವುದು ಮತ್ತು ಹಿಂದಕ್ಕೆ ಬರುವುದು ಎರಡೂ ಆ ಒಂದೇ ಮಾತಿನಲ್ಲಿವೆ. ರಾಚೆಟ್ ಮಾಡುವುದೂ ಅದನ್ನೇ. ಹಾಗಾಗಿ ‘ಹೊಳ್ಳುಜಾಗ’ ಎಂದು ಬರೆದಿದ್ದೇನೆ. ಮೈಸೂರು, ಮಂಗಳೂರು ಕಡೆಯವರಿಗೆ ಇದು ಓದಿದ ಕೂಡಲೇ ಅರ್ಥವಾದೀತೇ? ‘ಹೊರಳುಜಾಗ’ ಎಂದರೆ ಎಮ್ಮೆ ಕೆಸರಿನಲ್ಲಿ ಹೊರಳುವ ಜಾಗದಂತೆ ಕೇಳಿಸುತ್ತದೆ ಎಂಬುದು ಮನೆಯವರ ತಕರಾರು.

ಹಲ್ಲು ಹೆಚ್ಚಿದ್ದಷ್ಟೂ ಒಳ್ಳೆಯದು ಎಂದು ಅಂಗಡಿಯವರು ಹೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಗ್ಯಾರೇಜುಗಳಿಗೆ 72 ಧಾರಾಳ. ಇಲ್ಲಿಯ ಧೂಳು ಹಳೇ ಗ್ರೀಸಿನ ಜತೆ ಸೇರಿ ಸಣ್ಣ ಹಲ್ಲುಗಳ ಸಂದಿಯಲ್ಲಿ ಕೂತರೆ ಪಾನಾ ಹಿಡಿಯಬೇಕಾದಾಗಲೇ ಜಾರುತ್ತದೆ.

ಇನ್ನು ಗಿಡ್ಡತನ. ಸ್ಟಬ್ಬಿಗೆ ಕನ್ನಡದಲ್ಲಿ ಹೇಳಿ ಮಾಡಿಸಿದ ಪದ ‘ಮೋಟು’. ಮೋಟುಗೋಡೆ, ಮೋಟು ಬೀಡಿ, ಮೋಟು ಮರ ಎಲ್ಲದರಲ್ಲೂ ಉದ್ದ ಇರಬೇಕಾದದ್ದನ್ನು ಕಡಿದು ನಿಲ್ಲಿಸಿದ ಭಾವ ಇದೆ. ಆದರೆ ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಅರ್ಧ ಮಾತು ದಖ್ಖನಿ ಉರ್ದು. ಅಲ್ಲಿ ‘ಮೋಟು ಪಾನಾ ಕೊಡೋ’ ಎಂದರೆ ಹುಡುಗ ದಪ್ಪನೆಯದನ್ನು ಹುಡುಕಲು ಹೋಗುತ್ತಾನೆ. ತಮಾಷೆ ಎಂದರೆ ಅವನ ಅರ್ಥವೂ ಪೂರ್ತಿ ತಪ್ಪಾಗುವುದಿಲ್ಲ. ಒಳಗೆ ಗಾಲಿ ಇಡಬೇಕಾದ್ದರಿಂದ ಈ ಪಾನಾದ ರಿಂಗು ಸಾದಾ ರಿಂಗಿಗಿಂತ ದಪ್ಪ. ನಟ್ಟಿನ ಸುತ್ತ ಗೋಡೆ ಒತ್ತಿಕೊಂಡಿದ್ದರೆ ಒಳಗೆ ಹೋಗುವುದೇ ಇಲ್ಲ. ಕೊಳ್ಳುವಾಗ ರಿಂಗಿನ ದಪ್ಪವನ್ನೂ ನೋಡಬೇಕು ಎಂದು ಬೇರೆಯಾಗಿ ಬರೆಯಬೇಕಾಗಿದೆ, ಆದ್ದರಿಂದ ಮೋಟು ಎಂಬ ಪದ ಇಲ್ಲಿ ಎರಡು ಕಡೆ ಎಳೆದಾಡುತ್ತದೆ. ‘ಗಿಡ್ಡ ಪಾನಾ’ ಎಂದರೆ ತೊಂದರೆಯಿಲ್ಲ. ಇನ್ನೂ ನಿಖರವಾಗಿ ‘ಗಿಡ್ಡ ಕಾವಿನ ಪಾನಾ’ ಎನ್ನಬಹುದು ಎಂದು ನನಗನಿಸುತ್ತದೆ. ಕೊಡಲಿಗೆ, ಗುದ್ದಲಿಗೆ ಇರುವ ಹಿಡಿಯೇ ಕಾವು. ಕಾವು ಗಿಡ್ಡ ಆದರೆ ಏಟಿನ ಬಲ ಕಡಿಮೆ ಎಂಬುದು ಗದಗ, ಹಾವೇರಿಯ ಹಳ್ಳಿಗಳಿಂದ ಬಂದ ಹುಡುಗರಿಗೆ ಯಾರೂ ಕಲಿಸಬೇಕಾಗಿಲ್ಲ.

ಆ ಪದ ಬಂದರೆ ಲೆಕ್ಕವನ್ನೂ ಸುಲಭವಾಗಿ ಹೇಳಬಹುದು. ನಟ್ಟಿನ ನಡುವಿನಿಂದ ಕೈ ಹಿಡಿದ ಜಾಗಕ್ಕೆ 10 ಸೆಂಟಿಮೀಟರ್ ದೂರ ಇದ್ದು, 10 ಕಿಲೋ ತೂಕದಷ್ಟು ಜೋರು ಹಾಕಿದರೆ ನಟ್ಟಿಗೆ ಸಿಗುವುದು ಸುಮಾರು 10 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. 10 ಎಂಎಂ ತಲೆಯ ಎಂ6 (6 ಎಂಎಂ ದಪ್ಪದ) ಬೋಲ್ಟಿಗೆ ಹೆಚ್ಚುಕಡಿಮೆ ಅಷ್ಟೇ ಬೇಕು. ಎಂ8 ಬೋಲ್ಟು ಅದರ ಎರಡೂವರೆ ಪಟ್ಟು ಕೇಳುತ್ತದೆ. ಸಂದಿಯಲ್ಲಿ ಎರಡು ಬೆರಳಿನಿಂದ ಅಷ್ಟು ಜೋರು ಹಾಕಲಾಗದು. ಅಂದರೆ ಗಿಡ್ಡ ಕಾವಿನದು ನಟ್ಟನ್ನು ಬೇಗ ಬೇಗ ಓಡಿಸಲು. ಜಂಗು ಹಿಡಿದು ಕಚ್ಚಿಕೊಂಡ ನಟ್ಟನ್ನು ಮೊದಲು ಸಡಿಲಿಸುವುದು, ಕೊನೆಗೆ ಬಿಗಿ ಮಾಡುವುದು ಎರಡೂ ಸಾದಾ ರಿಂಗ್ ಪಾನಾದ ಕೆಲಸ. ಮೊದಲನೆಯದಕ್ಕೆ ‘ಕಚ್ಚು ಬಿಡಿಸುವುದು’ ಎಂದು ಬರೆದಿದ್ದೇನೆ. ರಾಚೆಟ್ಟಿನ ತುದಿಗೆ ಪೈಪು ತೂರಿಸಿ ಕಚ್ಚು ಬಿಡಿಸಲು ಹೋದರೆ ಒಳಗಿನ ಹಲ್ಲು ಉದುರುತ್ತದೆ.

ಮಣಿಯುವ ತಲೆಗೆ ನನ್ನ ಪದ ‘ಗೋಣು’. ತಲೆ ಎಂದರೆ ರಿಂಗು, ಕೀಲು ಇರುವುದು ಕುತ್ತಿಗೆಯಲ್ಲಿ, ಆದ್ದರಿಂದ ಗೋಣೇ ಸರಿ. ತೊಡಕು ಕ್ರಿಯಾಪದದಲ್ಲಿ. ‘ಗೋಣಾಡಿಸೋ ಪಾನಾ’ ಎಂದು ಒಬ್ಬ ಹುಡುಗ ಹೇಳಿದ, ಕೇಳಲು ಚೆಂದವಾಗಿಯೂ ಇದೆ. ಆದರೆ ಆಡುವುದು ಎಂದರೆ ಸಡಿಲವಾಗಿ ಅತ್ತಿತ್ತ ಓಲಾಡುವುದು. ಬೇರಿಂಗು ಸವೆದರೂ ‘ಆಟ ಬಂದೈತಿ’ ಎನ್ನುತ್ತೇವೆ. ಒಳ್ಳೆಯ ಪಾನಾದ ಗೋಣು ಆಡಬಾರದು. ಕೈ ಜೋರಿಗೆ ಮಣಿದು, ಮಣಿಸಿದ ಕಡೆಗೇ ನಿಲ್ಲಬೇಕು. ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು: ಕಾವನ್ನು ಅಡ್ಡಲಾಗಿ ಹಿಡಿದು ತಲೆಯನ್ನು ನೆಟ್ಟಗೆ ಮೇಲಕ್ಕೆ ಎತ್ತಿ ಕೈ ಬಿಡಿ, ಸ್ವಲ್ಪ ಓರೆ ಮಾಡಿ ಅಲ್ಲಾಡಿಸಿ. ತಾನಾಗಿ ಕೆಳಗೆ ಬಿದ್ದರೆ ಅದನ್ನು ಅಲ್ಲೇ ಇಟ್ಟು ಬನ್ನಿ, ಕತ್ತಲ ಸಂದಿಯಲ್ಲಿ ನಟ್ಟು ಹುಡುಕುವಾಗ ಅದು ಪ್ರಾಣ ತಿನ್ನುತ್ತದೆ. ಕೆಲವಕ್ಕೆ ಕೀಲನ್ನು ಬಿಗಿ ಮಾಡಿಕೊಳ್ಳಲು ಸ್ಕ್ರೂ ಇರುತ್ತದೆ, ಅಂಥದ್ದು ಸಿಕ್ಕರೆ ಎರಡು ರೂಪಾಯಿ ಹೆಚ್ಚಾದರೂ ಬಿಡಬಾರದು. ‘ಗೋಣು ಮಣಿಯುವ ಪಾನಾ’ ಎಂಬ ಹೆಸರನ್ನು ನಾನು ಹಿಡಿದುಕೊಂಡಿರುವುದು ಈ ಕಾರಣಕ್ಕೆ. ಇದನ್ನು ಒಪ್ಪದವರು ಇದ್ದರೆ ಕಾರಣ ಹೇಳಿ.

ನಿಜವಾದ ಗಂಟು ಇರುವುದು ಮುಂದಿನದರಲ್ಲಿ. ಈ ಪಾನಾಗಳಲ್ಲಿ ಎರಡು ಜಾತಿ. ಒಂದರಲ್ಲಿ ರಿಂಗಿನ ಪಕ್ಕ ಸಣ್ಣ ಗುಂಡಿಯೋ ಕಡ್ಡಿಯೋ ಇರುತ್ತದೆ, ಅದನ್ನು ಸರಿಸಿದರೆ ಬಿಗಿ ಮಾಡುವುದು ಹೋಗಿ ಬಿಚ್ಚುವುದಾಗುತ್ತದೆ. ಇನ್ನೊಂದಕ್ಕೆ ಗುಂಡಿ ಇಲ್ಲ; ದಿಕ್ಕು ಬದಲಿಸಬೇಕಾದರೆ ಇಡೀ ಪಾನಾವನ್ನು ನಟ್ಟಿನಿಂದ ತೆಗೆದು ಕೆಳಮೇಲು ಮಾಡಿ ಹಾಕಬೇಕು. ಗುಂಡಿ ಇಲ್ಲದ್ದು ಅಗ್ಗ, ರಿಂಗೂ ತೆಳು, ಬೇಗ ಕೆಡುವುದಿಲ್ಲ. ಅದರಲ್ಲೊಂದು ಅಪಾಯ ಇದೆ. ಉದ್ದನೆಯ ಬೋಲ್ಟು ಬಿಚ್ಚುತ್ತ ಬಿಚ್ಚುತ್ತ ಅದರ ತಲೆ ಹೊರಗೆ ಬರುತ್ತ ಎದುರಿನ ಬ್ರಾಕೆಟ್ಟನ್ನು ಮುಟ್ಟುತ್ತದೆ. ಪಾನಾ ನಡುವೆ ಸಿಕ್ಕಿಕೊಂಡಿತು. ಹೊರಗೆ ಎಳೆಯಲು ಜಾಗವಿಲ್ಲ, ಹಿಂದಕ್ಕೆ ತಿರುಗಿಸಿದರೆ ಕಟಕಟ ಎಂದು ಜಾರುವುದೇ ವಿನಾ ಬೋಲ್ಟು ಒಳಗೆ ಹೋಗುವುದಿಲ್ಲ. ಇಲ್ಲೇ ಒಬ್ಬ ಹುಡುಗ ಹೀಗೆ ಸಿಕ್ಕಿಸಿಕೊಂಡು, ಮಧ್ಯಾಹ್ನದ ಬುತ್ತಿ ಬದಿಗಿಟ್ಟು, ಆ ಬ್ರಾಕೆಟ್ಟನ್ನೇ ಬಿಚ್ಚುತ್ತ ಕೂತದ್ದನ್ನು ನೋಡಿದ್ದೇನೆ. ಗುಂಡಿ ಇದ್ದಿದ್ದರೆ ದಿಕ್ಕು ಬದಲಿಸಿ ಬೋಲ್ಟನ್ನು ನಾಲ್ಕು ಸುತ್ತು ಒಳಗೆ ಕಳಿಸಿ ಪಾನಾ ತೆಗೆಯಬಹುದಿತ್ತು. ಇಂಥ ಸಂದಿಗೆ ಕೊಳ್ಳುವುದಾದರೆ ಗುಂಡಿ ಇರುವುದನ್ನೇ ಕೊಳ್ಳಿ ಎಂಬುದು ಕೈಪಿಡಿಯ ಸಲಹೆ.

ಪದದ ತೊಡಕು ಏನೆಂದರೆ, ಕಾವನ್ನು ಹಿಂದೆ ಮುಂದೆ ಆಡಿಸುವುದು, ಪಾನಾವನ್ನು ಕೆಳಮೇಲು ಮಾಡುವುದು, ಗುಂಡಿ ಸರಿಸಿ ದಿಕ್ಕು ಬದಲಿಸುವುದು, ಮೂರಕ್ಕೂ ನಮ್ಮವರು ‘ಹೊಳ್ಳಿಸು’ ಎಂದೇ ಅನ್ನುತ್ತಾರೆ. ಎದುರಿಗೆ ನಿಂತು ಕೈ ತೋರಿಸಿ ಹೇಳುವಾಗ ಸರಿ, ಅಚ್ಚಿನಲ್ಲಿ ಕಲಸಿಹೋಗುತ್ತದೆ. ನಾನು ಹೀಗೆ ಹಂಚಿದ್ದೇನೆ: ಕಾವಿಗೆ ‘ಹೊಳ್ಳಿಸು’, ಪಾನಾಕ್ಕೆ ‘ಮಗುಚು’, ಗುಂಡಿಗೆ ‘ದಿಕ್ಕು ಬದಲಿಸು’. ಮೂರನೆಯದು ಸಪ್ಪೆ ಎನ್ನಿಸುತ್ತಿದೆ. ‘ಮಗುಚು ಪಾನಾ’ ಮತ್ತು ‘ಗುಂಡಿ ಪಾನಾ’ ಎಂದು ಎರಡು ಜಾತಿಗೆ ಹೆಸರಿಟ್ಟರೆ ಹೇಗೆ?

ಕೊನೆಯದಾಗಿ ಒಳಗಿನ ಭಾಗ. ಗಾಲಿಯ ಹಲ್ಲಿಗೆ ಅಡ್ಡ ಬಂದು ಹಿಂದಕ್ಕೆ ಹೋಗದಂತೆ ತಡೆಯುವ ಆ ಸಣ್ಣ ಉಕ್ಕಿನ ತುಂಡಿಗೆ ಏನನ್ನುತ್ತೀರಿ? ಸೈಕಲ್ಲಿನ ಫ್ರೀವೀಲಿನಲ್ಲೂ ಇರುವುದು ಅದೇ. ಹಿಂದಿಯಲ್ಲಿ ಅದು ‘ಕುತ್ತಾ’. ಪೆಡಲ್ ತುಳಿದರೂ ಗಾಲಿ ತಿರುಗದಿದ್ದರೆ ‘ಕುತ್ತೇ ಫೇಲ್’. ಕನ್ನಡದ ಸೈಕಲ್ ಅಂಗಡಿಗಳಲ್ಲಿ ಯಾರಾದರೂ ಅದನ್ನು ನಾಯಿ ಎಂದು ಕರೆದದ್ದನ್ನು ಕೇಳಿದ್ದೀರಾ? ನಾನು ಸದ್ಯಕ್ಕೆ ‘ತಡೆಹಲ್ಲು’ ಎಂದು ಬರೆದಿದ್ದೇನೆ. ಕೈಮಗ್ಗದಲ್ಲೂ ನೇಯ್ದ ಬಟ್ಟೆ ಸುತ್ತಿಕೊಳ್ಳುವ ದಿಂಡು ಹಿಂದಕ್ಕೆ ಬಿಚ್ಚಿಕೊಳ್ಳದಂತೆ ಹಲ್ಲಿನ ಗಾಲಿ ಮತ್ತು ಅದಕ್ಕೊಂದು ತಡೆ ಇರುತ್ತದೆ. ಗದಗ-ಬೆಟಗೇರಿಯ ನೇಕಾರರ ಮನೆಗಳಲ್ಲಿ ಅದಕ್ಕೆ ಖಂಡಿತ ಒಂದು ಹೆಸರು ಇದ್ದೇ ಇರಬೇಕು. ಆ ಕಡೆಯ ಸದಸ್ಯರು ದಯವಿಟ್ಟು ಕೇಳಿ ತಿಳಿಸಿ. ಅದು ಸಿಕ್ಕರೆ ತಡೆಹಲ್ಲನ್ನು ಸಂತೋಷದಿಂದ ಕಿತ್ತು ಹಾಕುತ್ತೇನೆ.

ಈಗಿರುವ ಕರಡಿನ ಒಂದು ತುಂಡು ಕೆಳಗಿದೆ. ಓದಿ, ಎಲ್ಲಿ ಎಡವಿದಿರಿ ಎಂಬುದನ್ನು ಬರೆಯಿರಿ.

‘ಪೂರ್ತಿ ಸೆಟ್ಟು ಕೊಳ್ಳಲು ಅವಸರ ಬೇಡ. ಬಿಡಿಯಾಗಿ ಸಿಕ್ಕರೆ ಮೊದಲು 10, 12, 13, 14 ಎಂಎಂ ತೆಗೆದುಕೊಳ್ಳಿ. ಎಂ8 ಬೋಲ್ಟಿಗೆ ಜಪಾನಿ ಪದ್ಧತಿಯ ಗಾಡಿಯಲ್ಲಿ 12ರ ತಲೆ, ಉಳಿದವುಗಳಲ್ಲಿ ಹೆಚ್ಚಾಗಿ 13, ಎರಡೂ ಬೇಕಾಗುತ್ತವೆ. 17, 19ರ ನಟ್ಟಿಗೆ ಗಿಡ್ಡ ಕಾವು ಸಾಲದು, ಅದಕ್ಕೆ ದುಡ್ಡು ಹಾಕಬೇಡಿ. ಕಾವಿನ ಮೇಲೆ ಕ್ರೋಮ್ ವೆನೇಡಿಯಂ ಎಂಬ ಗುರುತು ಇದೆಯೇ ನೋಡಿ. ಗೋಣು ಮಣಿಸಿ ಕೈಬಿಟ್ಟು ನೋಡಿ. ಕಿವಿ ಹತ್ತಿರ ಹಿಡಿದು ಹೊಳ್ಳಿಸಿ, ಪ್ರತಿ ಹಲ್ಲೂ ಒಂದೇ ಸಮನೆ ಕಟಕಟ ಎನ್ನಬೇಕು. ಗೋಣು ಮಣಿಸಿಕೊಂಡು ಎಳೆಯುವಾಗ ಇನ್ನೊಂದು ಕೈಯಿಂದ ತಲೆಯನ್ನು ನಟ್ಟಿನ ಮೇಲೆ ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಜಾರಿ ನಟ್ಟಿನ ಮೂಲೆ ಸವೆಯುತ್ತದೆ.’

‘ಮೂಲೆ ಸವೆಯುತ್ತದೆ’ ಎಂಬಲ್ಲಿ ಉಸ್ತಾದರು ‘ನಟ್ಟು ಗುಂಡಗ ಆಕ್ಕೈತಿ ಅಂತ ಬರೀರಿ ಸರ’ ಎಂದಿದ್ದಾರೆ. ನನಗೂ ಅದೇ ಹಿಡಿಸಿದೆ. ಪೂರ್ತಿ ಕೈಪಿಡಿ ಬರವಣಿಗೆಯ ಕನ್ನಡದಲ್ಲಿರುವಾಗ ನಡುವೆ ಇಂಥ ಒಂದೊಂದು ಮಾತು ಬಂದರೆ ಕಣ್ಣಿಗೆ ಕುಕ್ಕುತ್ತದೆಯೇ ಎಂಬುದನ್ನೂ ತಿಳಿಸಿ. ಈ ಪುಟ ಮುಂದಿನ ವಾರ ಅಚ್ಚಿಗೆ ಹೋಗಬೇಕು, ಅಷ್ಟರೊಳಗೆ ಬೆಟಗೇರಿಯಿಂದ ಉತ್ತರ ಬಂದರೆ ಬಹಳ ಉಪಕಾರವಾಗುತ್ತದೆ.