ಅಪ್‌ಡೇಟ್: ಕಳಚಿದ ವೆನೀರ್ ಮತ್ತೆ ಕೂತಿತು

ಮುಂದಿನ ಹಲ್ಲಿನ ಪೋರ್ಸಲಿನ್ ವೆನೀರ್ (ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ) ಇಡಿಯಾಗಿ ಕಳಚಿಬಂದಿದೆ, ಹೊಸದೇ ಮಾಡಿಸಬೇಕಾ ಅಂತ ಕೇಳಿದ್ದೆನಲ್ಲ, ಬೇಕಾಗಲಿಲ್ಲ. "ಬಿರುಕಿಲ್ಲದಿದ್ದರೆ ಡಬ್ಬಿಯಲ್ಲಿಟ್ಟು ಡಾಕ್ಟರ ಹತ್ತಿರ ಒಯ್ಯಿರಿ" ಅಂದವರ ಮಾತೇ ಫಲಿಸಿತು, ಧನ್ಯವಾದ. ಅದಕ್ಕೂ ಮೊದಲು ಹಚ್ಚಿ ನೋಡಿದ ಡೆಂಚರ್ ಪೇಸ್ಟ್ (ಹಲ್ಲುಸೆಟ್ ಕೂರಿಸುವ ಅಂಟು) ಎಂಜಲಿಗೆ ಕರಗಿಹೋಯಿತು. ಸೂಪರ್ ಗ್ಲೂ ಅಂತೂ ಯಾರೂ ಹಚ್ಚಬೇಡಿ, ಅದು ಗಟ್ಟಿಯಾದರೆ ವೆನೀರ್ ಮತ್ತೆ ಸರಿಯಾಗಿ ಕೂರುವುದಿಲ್ಲ.

ನನ್ನ ವೆನೀರ್ ಲಿಥಿಯಂ ಡೈಸಿಲಿಕೇಟ್ ಎಂಬ ಸೆರಾಮಿಕ್‌ನದು. ಡಾಕ್ಟರು ಹಳೇ ಸಿಮೆಂಟ್ ಕೆರೆದು, ಒಳಮೈ ಒರಟಾಗಲೆಂದು ಅದಕ್ಕೆ 5% ಹೈಡ್ರೋಫ್ಲೋರಿಕ್ ಆಸಿಡ್ 20 ಸೆಕೆಂಡ್, ತೊಳೆದು ಒಣಗಿಸಿ ಸೈಲೇನ್ (ಸೆರಾಮಿಕ್‌ಗೆ ಸಿಮೆಂಟ್ ಹಿಡಿಯುವಂತೆ ಮಾಡುವ ದ್ರವ) 60 ಸೆಕೆಂಡ್ ಹಚ್ಚಿದರು. ಹಲ್ಲಿಗೆ 37% ಫಾಸ್ಫಾರಿಕ್ ಆಸಿಡ್, ಅದರ ಮೇಲೆ ಬಾಂಡಿಂಗ್ ಅಂಟು. ಆಮೇಲೆ ರೆಸಿನ್ ಸಿಮೆಂಟ್ ಹಾಕಿ ವೆನೀರ್ ಕೂರಿಸಿ, ಲೈಟ್ ಬಿಟ್ಟು ಗಟ್ಟಿ ಮಾಡಿದರು.

ಗೊತ್ತಿರದಿದ್ದ ಸಂಗತಿ: ಸಿಮೆಂಟೆಲ್ಲ ವೆನೀರಿಗೇ ಅಂಟಿತ್ತು, ಅಂದರೆ ಹಿಡಿತ ಬಿಟ್ಟಿದ್ದು ಹಲ್ಲಿನ ಕಡೆ. ಅಲ್ಲಿ ಎನಾಮೆಲ್ (ಹಲ್ಲಿನ ಗಟ್ಟಿ ಹೊರಪದರ) ಹೋಗಿ ಅದರ ಕೆಳಗಿನ ಪದರ ಡೆಂಟಿನ್ ಕಾಣುತ್ತಿತ್ತು, ಡೆಂಟಿನ್‌ಗೆ ಅಂಟು ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ಜೊತೆಗೆ ರಾತ್ರಿ ಹಲ್ಲು ಕಡಿಯುವ ಅಭ್ಯಾಸ, ಅದಕ್ಕೇ ನೈಟ್ ಗಾರ್ಡ್‌ಗೆ (ಮಲಗುವಾಗ ಹಲ್ಲಿಗೆ ಹಾಕಿಕೊಳ್ಳುವ ಕವಚ) ಅಳತೆ ಕೊಟ್ಟಾಗಿದೆ.