ಕಿರುಪ್ರಬಂಧದ ಗ್ರಂಥಋಣ ಬರೆಯುವುದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು: ಎಂ.ಎ. ಕನ್ನಡ, ಕೊನೆಯ ವರ್ಷದ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನನ್ನ ಕಿರುಪ್ರಬಂಧದ ವಿಷಯ ಅಲ್ಲಮಪ್ರಭು ಮತ್ತು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ. ಬರವಣಿಗೆ ಮುಗಿದಿದೆ. ಗ್ರಂಥಋಣದ, ಅಂದರೆ ಬಳಸಿದ ಆಕರಗಳ ಪಟ್ಟಿ ನೋಡಿದ ಗೈಡ್, "ಇದನ್ನು ಓದಿದವರಿಗೆ ಯಾವುದು ಎಲ್ಲಿ ಸಿಗುತ್ತದೆ ಅಂತ ಗೊತ್ತಾಗಬೇಕು, ಸರಿ ಮಾಡಿಕೊಂಡು ಬಾ" ಎಂದಿದ್ದಾರೆ. ನಾನು ಬಳಸಿರುವುದು ವಚನ ಸಂಪುಟ, ಶೂನ್ಯಸಂಪಾದನೆ (ಶರಣರ ವಚನಗಳನ್ನು ಸಂವಾದವಾಗಿ ಜೋಡಿಸಿದ ಕೃತಿ), ಶಾಸನ, ಹಳೆಯ ಪತ್ರಿಕೆಗಳ ಲೇಖನ, ಪಿಡಿಎಫ್ ಪುಸ್ತಕ, ಯೂಟ್ಯೂಬ್ ಉಪನ್ಯಾಸ, ಊರಿನ ಹಿರಿಯರ ಜೊತೆ ಮಾತುಕತೆ, ಒಂದು ಸಿನಿಮಾ. ಒಂದೊಂದನ್ನೂ ಹೇಗೆ ಬರೆಯಬೇಕು? ಉಲ್ಲೇಖ ಬರೆಯುವ ಪದ್ಧತಿಗಳಲ್ಲಿ ಎಂಎಲ್‌ಎ, ಎಪಿಎ ಅಂತಾರಲ್ಲ, ಕನ್ನಡಕ್ಕೆ ಯಾವುದು ಹೊಂದುತ್ತದೆ?

ನಿವೃತ್ತ ಕನ್ನಡ ಅಧ್ಯಾಪಕರು:

ಮೊದಲು ನಿನ್ನ ವಿಶ್ವವಿದ್ಯಾಲಯದ ಕೈಪಿಡಿ ನೋಡಮ್ಮ. ಅದರಲ್ಲಿ ಪದ್ಧತಿ ಹೇಳಿದ್ದರೆ ಅದೇ ಕೊನೆಯ ಮಾತು. ಹೇಳಿಲ್ಲದಿದ್ದರೆ ಸಾಹಿತ್ಯದವರಿಗೆ ಎಂಎಲ್‌ಎ ಹತ್ತಿರವಾಗುತ್ತದೆ. ಅದರ ಒಂಬತ್ತನೆಯ ಆವೃತ್ತಿ 2021ರಲ್ಲಿ ಬಂದಿದೆ. ಶಿಕ್ಷಣ, ಮನಶ್ಶಾಸ್ತ್ರದವರು ಎಪಿಎ ಬಳಸುತ್ತಾರೆ. ಅಲ್ಲಿ ಲೇಖಕರ ಹೆಸರಾದ ಕೂಡಲೇ ವರ್ಷ ಬರುತ್ತದೆ, ಯಾಕೆಂದರೆ ಒಂದು ಅಧ್ಯಯನ ಎಷ್ಟು ಹೊಸದು ಅನ್ನುವುದು ಅವರಿಗೆ ಮುಖ್ಯ. ಇತಿಹಾಸದವರಲ್ಲಿ ಶಿಕಾಗೊ ಪದ್ಧತಿ ಜಾಸ್ತಿ. ಶಾಸನ, ಕಡತ, ಪತ್ರ ಇವನ್ನೆಲ್ಲ ವಿವರವಾಗಿ ಹೇಳಲು ಅಡಿಟಿಪ್ಪಣಿಯಲ್ಲಿ ಜಾಗ ಸಿಗುತ್ತದೆ. ನಿನ್ನಲ್ಲಿ ಶಾಸನಗಳೂ ಇರುವುದರಿಂದ ಅಡಿಟಿಪ್ಪಣಿ ಇರುವ ಪದ್ಧತಿಯೇ ವಾಸಿ ಎಂದು ನನ್ನ ಅಭಿಪ್ರಾಯ. ಯಾವುದನ್ನು ಹಿಡಿದರೂ ಕೊನೆಯವರೆಗೆ ಅದನ್ನೇ ನಡೆಸು.

ಈ ಪದ್ಧತಿಗಳೆಲ್ಲ ಮನೆತನದ ಹೆಸರು ಮೊದಲು ಬರಲಿ ಎನ್ನುತ್ತವೆ. ನಮ್ಮಲ್ಲಿ ಎಷ್ಟೋ ಜನರಿಗೆ ಮನೆತನದ ಹೆಸರೇ ಇಲ್ಲ, ಅಲ್ವಾ? ಇನಿಷಿಯಲ್‌ನಲ್ಲಿ ಊರು, ತಂದೆಯ ಹೆಸರು ಅಡಗಿರುತ್ತವೆ. ಅದಕ್ಕೆ ಕನ್ನಡ ಪಟ್ಟಿಯಲ್ಲಿ ಪೂರ್ತಿ ಇರುವ ಹೆಸರು ಮೊದಲು, ಇನಿಷಿಯಲ್ ಆಮೇಲೆ: 'ಶಿವರುದ್ರಪ್ಪ, ಜಿ.ಎಸ್.', 'ಕಲಬುರ್ಗಿ, ಎಂ.ಎಂ.'. ಕಾವ್ಯನಾಮವನ್ನು ಒಡೆಯಬಾರದು. ಪುಸ್ತಕದಲ್ಲಿ ಕುವೆಂಪು ಎಂದಿದ್ದರೆ ಪಟ್ಟಿಯಲ್ಲೂ ಕುವೆಂಪು. ಒಂದು ಕಡೆ ಕುವೆಂಪು, ಇನ್ನೊಂದು ಕಡೆ ಪುಟ್ಟಪ್ಪ ಎಂದರೆ ಓದುವವರು ಇಬ್ಬರು ಲೇಖಕರೆಂದು ತಿಳಿಯುತ್ತಾರೆ. ಡಾ., ಪ್ರೊ., ಶ್ರೀ ಯಾವುದೂ ಬೇಡ. ಇದರಿಂದ ಯಾರ ಗೌರವವೂ ಕಡಿಮೆಯಾಗುವುದಿಲ್ಲ. 'ಡಾ.' ಹಾಕಿದರೆ ಅಕಾರಾದಿ ಕೆಡುತ್ತದೆ ಅಷ್ಟೆ.

ಪುಸ್ತಕಕ್ಕೆ ಲೇಖಕರು, ಕೃತಿ, ಸಂಪಾದಕರು ಅಥವಾ ಅನುವಾದಕರು, ಎಷ್ಟನೆಯ ಮುದ್ರಣ, ಪ್ರಕಾಶಕರು, ವರ್ಷ ಬೇಕು. ಪ್ರಕಟಣೆಯ ಊರನ್ನು ಎಪಿಎ ಏಳನೆಯ ಆವೃತ್ತಿ ಕೈಬಿಟ್ಟಿದೆ. ಎಂಎಲ್‌ಎಯೂ ಈಗಿನ ಪುಸ್ತಕಗಳಿಗೆ ಕೇಳುವುದಿಲ್ಲ. ನಾನು ಮಾತ್ರ ಕನ್ನಡ ಪುಸ್ತಕಗಳಿಗೆ ಊರಿನ ಹೆಸರು ಬರೆಸುತ್ತಿದ್ದೆ. ಲೇಖಕರೇ ಅಚ್ಚು ಹಾಕಿಸಿದ್ದು, ಮಠಗಳು ತಂದದ್ದು, ಊರ ಸಂಘದವರು ತಂದದ್ದು ನಮ್ಮಲ್ಲಿ ಬೇಕಾದಷ್ಟಿವೆ. ಊರು ಗೊತ್ತಿಲ್ಲದಿದ್ದರೆ ಅವನ್ನು ಹುಡುಕುವುದೇ ಕಷ್ಟ.

ಅಭಿನಂದನ ಗ್ರಂಥಗಳ ಬಗ್ಗೆಯೂ ಒಂದು ಮಾತು. ಕನ್ನಡದ ಎಷ್ಟೋ ಒಳ್ಳೆಯ ಸಂಶೋಧನ ಲೇಖನಗಳು ಅಲ್ಲೇ ಇವೆ. ಅಂಥ ಲೇಖನ ಬಳಸಿದ್ದರೆ ಲೇಖನ ಬರೆದವರ ಹೆಸರಿನಿಂದ ಶುರು ಮಾಡು. ಆಮೇಲೆ ಲೇಖನದ ಹೆಸರು, ಗ್ರಂಥದ ಹೆಸರು, ಸಂಪಾದಕರು, ಯಾವ ಪುಟದಿಂದ ಯಾವ ಪುಟ. ಸಂಪಾದಕರ ಹೆಸರಿನಡಿ ಮಾತ್ರ ಹಾಕಿಬಿಟ್ಟರೆ ಬರೆದವರೇ ಕಾಣದೆ ಹೋಗುತ್ತಾರೆ.

ಶಾಸನ ಮತ್ತು ವಚನ ಸಾಹಿತ್ಯದ ಸಂಶೋಧಕಿ:

ತಂಗಿ, ಸರ್ ಹೇಳಿದ್ದು ಪುಸ್ತಕಕ್ಕೆ ಸರಿ. ಆದರೆ ನಿನ್ನ ವಿಷಯದಲ್ಲಿ ನಿಜವಾಗಿ ತೊಡಕಿರುವುದು ಹಳೆಯ ಪಠ್ಯಗಳಲ್ಲಿ. 'ಅಲ್ಲಮನ ವಚನ' ಎಂದಷ್ಟೇ ಬರೆದರೆ ಏನೂ ಹೇಳಿದ ಹಾಗಾಗುವುದಿಲ್ಲ. ಯಾರು ಸಂಪಾದಿಸಿದ ಪಠ್ಯ ಅನ್ನುವುದು ಬೇಕು. ಸಮಗ್ರ ವಚನ ಸಂಪುಟಗಳು ಒಟ್ಟು 15. ಕರ್ನಾಟಕ ಸರ್ಕಾರದಿಂದ 1993ರಲ್ಲಿ ಬಂದವು, ಆಮೇಲೆ ಮರುಮುದ್ರಣಗಳೂ ಆಗಿವೆ. ಪ್ರಧಾನ ಸಂಪಾದಕರು ಎಂ.ಎಂ. ಕಲಬುರ್ಗಿ. ಆದರೆ ಸಂಪುಟಗಳಿಗೆ ಬೇರೆ ಬೇರೆ ಸಂಪಾದಕರಿದ್ದಾರೆ. ನೀನು ಬಳಸಿದ ಸಂಪುಟದ ಸಂಪಾದಕರ ಹೆಸರನ್ನು ಬಿಡಬೇಡ. ಪಟ್ಟಿಯಲ್ಲಿ ಅದು 'ಅಲ್ಲಮಪ್ರಭು' ಎಂದೇ ಶುರುವಾಗಲಿ. ಅಡಿಟಿಪ್ಪಣಿಯಲ್ಲಿ ವಚನದ ಸಂಖ್ಯೆ ಕೊಡು. ಬೇರೆ ಮುದ್ರಣದಲ್ಲಿ ಪುಟ ಬದಲಾಗಬಹುದು, ಸಂಖ್ಯೆ ಇದ್ದರೆ ಹುಡುಕುವುದು ಸುಲಭ.

ಶೂನ್ಯಸಂಪಾದನೆ ಅಂದರೆ ಒಂದೇ ಪುಸ್ತಕ ಅಲ್ಲ ಅಂತ ನಿನಗೂ ಗೊತ್ತಿರುತ್ತದೆ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣ ಹೀಗೆ ನಾಲ್ವರ ಸಂಕಲನಗಳಿವೆ. ಪ್ರಸಂಗಗಳು, ವಚನಗಳ ಜೋಡಣೆ, ಕೆಲವು ಕಡೆ ಪಾಠವೂ ಬೇರೆ. ಅಲ್ಲಮ ಇನ್ನೊಬ್ಬ ಶರಣರ ಜೊತೆ ನಡೆಸಿದ ಸಂವಾದದ ಬಗ್ಗೆ ಬರೆಯುವಾಗ ಯಾರ ಶೂನ್ಯಸಂಪಾದನೆ ಎಂದು ಹೇಳಲೇಬೇಕು. ಆ ಸಂವಾದ ಕಟ್ಟಿದವರು ಅವರು. ವಚನದ ಬಗ್ಗೆ ಮಾತ್ರ ಬರೆಯುತ್ತಿದ್ದರೆ ವಚನ ಸಂಪುಟಕ್ಕೆ ಹೋಗು.

ಕಾವ್ಯಗಳಿಗೂ ಇದೇ ಎಚ್ಚರ ಬೇಕು. ಹರಿಹರನ ರಗಳೆಯಲ್ಲಿ ಅಲ್ಲಮ ಕಮಲತೆಯನ್ನು ಪ್ರೀತಿಸಿ ಕಳೆದುಕೊಳ್ಳುತ್ತಾನೆ. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಮಾಯೆ ಸೋಲುತ್ತಾಳೆ. 'ಕಾವ್ಯದಲ್ಲಿ ಹೀಗಿದೆ' ಎಂದು ಬರೆದರೆ ಯಾವ ಅಲ್ಲಮ ಅಂತ ತಿಳಿಯುವುದು ಹೇಗೆ? ಪ್ರಭುಲಿಂಗಲೀಲೆಗೆ ಗತಿ (ಅಧ್ಯಾಯ) ಮತ್ತು ಪದ್ಯದ ಸಂಖ್ಯೆ ಕೊಡು, ಜೊತೆಗೆ ನೀನು ಓದಿದ ಮುದ್ರಣದ ವಿವರ ಕೊಡು.

ಇನ್ನು ಶಾಸನ. ಶಿಕಾರಿಪುರ ತಾಲ್ಲೂಕಿನ ಶಾಸನಗಳು ಬಿ.ಎಲ್. ರೈಸ್ ತಂದ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ (ಎ.ಕ.) ಏಳನೆಯ ಸಂಪುಟದಲ್ಲಿವೆ, 1902ರದು. ಸಂಪುಟ, ತಾಲ್ಲೂಕು, ಸಂಖ್ಯೆ ಈ ಮೂರು ಬಂದರೆ ಶಾಸನ ಸಿಕ್ಕ ಹಾಗೆಯೇ. ಉದಾಹರಣೆಗೆ ಬಳ್ಳಿಗಾವಿ ಪಕ್ಕದ ತಾಳಗುಂದದ ಸ್ತಂಭ ಶಾಸನ: 'ಎ.ಕ. 7, ಶಿಕಾರಿಪುರ 176'. ಆದರೆ ಯಾವ ಆವೃತ್ತಿ ಎಂದು ಕಡ್ಡಾಯವಾಗಿ ಬರೆಯಬೇಕು. ಶ್ರವಣಬೆಳಗೊಳದ ಸಂಪುಟವನ್ನೇ ನೋಡು. ರೈಸ್ 1889ರಲ್ಲಿ ತಂದರು, ಆರ್. ನರಸಿಂಹಾಚಾರ್ 1923ರಲ್ಲಿ ಪರಿಷ್ಕರಿಸಿದರು, ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ಮತ್ತೆ ತಂದಿತು. ಸಂಖ್ಯೆಗಳು ಬೇರೆ ಬೇರೆ. ಆವೃತ್ತಿ ಹೇಳದೆ ಸಂಖ್ಯೆ ಮಾತ್ರ ಕೊಟ್ಟರೆ ಓದುವವರು ಬೇರೆ ಯಾವುದೋ ಶಾಸನದ ಮುಂದೆ ಹೋಗಿ ನಿಲ್ಲುತ್ತಾರೆ.

ರೈಸ್ ಸಂಪುಟಗಳಲ್ಲಿ ಕನ್ನಡ ಪಠ್ಯ ಮತ್ತು ಇಂಗ್ಲಿಷ್ ಅನುವಾದ ಬೇರೆ ಭಾಗಗಳಲ್ಲಿವೆ. ನೀನು ಅನುವಾದ ಓದಿ ಬರೆದಿದ್ದರೆ ಅನುವಾದ ಎಂದೇ ಹೇಳು. ಶಕವರ್ಷವನ್ನು ನೀನೇ 78 ಕೂಡಿಸಿ ಕ್ರಿ.ಶ.ಗೆ ತಂದಿದ್ದರೆ ಅದನ್ನೂ ಹೇಳು. ಶಾಸನದ ತಿಂಗಳನ್ನು ಅನುಸರಿಸಿ ಒಂದು ವರ್ಷ ಆಚೀಚೆ ಆಗಬಹುದು.

ಗ್ರಂಥಪಾಲಕರು:

ಪಿಡಿಎಫ್ ಬಗ್ಗೆ ನಾನು ಹೇಳುತ್ತೇನೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದವರು ಸ್ಕ್ಯಾನ್ ಮಾಡಿದ ಕನ್ನಡ ಪುಸ್ತಕಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಬಹಳ ಇವೆ. ಅಲ್ಲಿನ ಮಾಹಿತಿ ಪಟ್ಟಿಯಲ್ಲಿ ಹೆಸರು, ವರ್ಷ, ಲೇಖಕರು ಎಷ್ಟೋ ಸಲ ತಪ್ಪಾಗಿರುತ್ತವೆ. ಅದನ್ನು ನಕಲು ಮಾಡಬೇಡಿ. ಪುಸ್ತಕದ ಒಳಗಿನ ಶೀರ್ಷಿಕೆ ಪುಟ ತೆರೆದು ನೋಡಿ. ಅದರ ಹಿಂಬದಿಯಲ್ಲಿ ಮುದ್ರಣದ ವಿವರ ಇರುತ್ತದೆ. ಪುಟಸಂಖ್ಯೆಯೂ ಅಷ್ಟೆ: ಪಿಡಿಎಫ್ ತೋರಿಸುವ ಸಂಖ್ಯೆ ಬೇರೆ, ಹಾಳೆಯ ಮೇಲೆ ಅಚ್ಚಾಗಿರುವುದು ಬೇರೆ. ಅಚ್ಚಾಗಿರುವುದನ್ನೇ ಕೊಡಿ.

ಹಳೆಯ ಪುಸ್ತಕಗಳಲ್ಲಿ ಕೆಲವೊಮ್ಮೆ ಇಸವಿ ಇರುವುದಿಲ್ಲ, ಸಂವತ್ಸರದ ಹೆಸರು ಮಾತ್ರ ಇರುತ್ತದೆ. ಸಂವತ್ಸರ 60 ವರ್ಷಕ್ಕೊಮ್ಮೆ ಮತ್ತೆ ಬರುತ್ತದೆ. ಹಾಗಾಗಿ ಮುನ್ನುಡಿಯ ದಿನಾಂಕ, ಮುದ್ರಣಾಲಯದ ಹೆಸರು ನೋಡಿ ನಿರ್ಧರಿಸಬೇಕು. ಹೀಗೆ ನೀವು ಕಂಡುಕೊಂಡ ಇಸವಿಯನ್ನು ಚೌಕ ಕಂಸದಲ್ಲಿ ಹಾಕಿ. ಏನೂ ಸಿಗದಿದ್ದರೆ 'ವರ್ಷ ನಮೂದಿಸಿಲ್ಲ' ಎಂದು ಬರೆಯಿರಿ. ಅಂದಾಜಿನ ಇಸವಿ ಒಮ್ಮೆ ಅಚ್ಚಾದರೆ ಮುಂದಿನವರು ಅದನ್ನೇ ನಿಜವೆಂದು ಎತ್ತಿಕೊಳ್ಳುತ್ತಾರೆ.

ಮರುಮುದ್ರಣವಾದರೆ ಎರಡೂ ಇಸವಿ ಇರಲಿ. ಕಾನೂರು ಹೆಗ್ಗಡಿತಿ ಮೊದಲು ಬಂದದ್ದು 1936ರಲ್ಲಿ. ನಿಮ್ಮ ಕೈಯಲ್ಲಿರುವುದು ಈಚಿನ ಮುದ್ರಣ. ಈಚಿನ ಇಸವಿ ಮಾತ್ರ ಬರೆದರೆ ಕಾದಂಬರಿಯೇ ಈಚಿನದು ಅನ್ನಿಸುತ್ತದೆ. 1936 ಮಾತ್ರ ಬರೆದರೆ ನೀವು ಕೊಟ್ಟ ಪುಟಸಂಖ್ಯೆ ಹೊಂದುವುದಿಲ್ಲ.

ದಿನಪತ್ರಿಕೆಗೆ ಲೇಖಕರು, ತಲೆಬರಹ, ಪತ್ರಿಕೆ, ದಿನಾಂಕ, ಪುಟ. ಯಾವ ಊರಿನ ಆವೃತ್ತಿ ಅನ್ನುವುದನ್ನೂ ಸೇರಿಸಿ. ಜಿಲ್ಲಾ ಸುದ್ದಿ ಬೇರೆ ಜಿಲ್ಲೆಯ ಪತ್ರಿಕೆಯಲ್ಲಿ ಇರುವುದೇ ಇಲ್ಲ. 1919ರಲ್ಲಿ ಶುರುವಾದ ಪ್ರಬುದ್ಧ ಕರ್ಣಾಟಕದಂಥ ಪತ್ರಿಕೆಗಳಿಗೆ ಸಂಪುಟ, ಸಂಚಿಕೆ ಎರಡೂ ಬೇಕು. ನಮ್ಮ ಕಪಾಟಿನಲ್ಲಿ ಅವನ್ನು ಜೋಡಿಸಿರುವುದೇ ಹಾಗೆ.

ಕೇಳಿದವರು:

ತುಂಬಾ ಉಪಕಾರವಾಯಿತು. ಇನ್ನೆರಡು ಪ್ರಶ್ನೆ. ಒಬ್ಬರ ಪುಸ್ತಕದಲ್ಲಿ ಇನ್ನೊಬ್ಬರ ಮಾತು ಓದಿ ಬಳಸಿದ್ದೇನೆ, ಮೂಲ ಪುಸ್ತಕ ಸಿಗಲಿಲ್ಲ. ಮತ್ತೆ, ಬಳ್ಳಿಗಾವಿ ಕಡೆಯ ಅಜ್ಜಿಯೊಬ್ಬರು ಅಲ್ಲಮನ ಕಥೆ ಹೇಳಿದರು, ಹೆಸರು ಹಾಕಬೇಡ ಎಂದಿದ್ದಾರೆ. ಏನು ಮಾಡಲಿ?

ಜಾನಪದ ಸಂಗ್ರಹ ಮಾಡುವವರು:

ಮೊದಲನೆಯದಕ್ಕೆ, ಯಾರ ಮಾತು ಎಂದು ವಾಕ್ಯದಲ್ಲಿ ಹೇಳಿ, ಅಡಿಟಿಪ್ಪಣಿಯಲ್ಲಿ 'ಇಂಥವರ ಪುಸ್ತಕದಲ್ಲಿ ಉಲ್ಲೇಖಿತ' ಎಂದು ಬರೆಯಿರಿ. ಗ್ರಂಥಋಣದಲ್ಲಿ ಬರಬೇಕಾದ್ದು ನೀವು ಓದಿದ ಪುಸ್ತಕ ಮಾತ್ರ. ಓದದ ಪುಸ್ತಕವನ್ನು ಓದಿದ ಹಾಗೆ ಹಾಕಬಾರದು. ಆ ಪುಸ್ತಕದವರು ಮೂಲವನ್ನು ತಪ್ಪಾಗಿ ಎತ್ತಿಕೊಂಡಿದ್ದರೆ ಆ ತಪ್ಪಿಗೂ ನೀವೇ ಹೊಣೆಯಾಗುತ್ತೀರಿ.

ಅಜ್ಜಿಯ ವಿಷಯದಲ್ಲಿ ಅವರ ಮಾತನ್ನು ಉಳಿಸಿಕೊಳ್ಳಿ. 'ವಕ್ತೃ: ಹಿರಿಯ ಮಹಿಳೆ, ಶಿಕಾರಿಪುರ ತಾಲ್ಲೂಕು, ಮಾತುಕತೆಯ ದಿನಾಂಕ, ಧ್ವನಿಮುದ್ರಣ ಸಂಗ್ರಾಹಕರ ಬಳಿ ಇದೆ' ಎಂದರೆ ಸಾಕು. ಹಳ್ಳಿ ಚಿಕ್ಕದಾಗಿದ್ದು ಅದರ ಹೆಸರು ಹೇಳಿದ ಕೂಡಲೇ ಯಾರೆಂದು ಗೊತ್ತಾಗುವ ಹಾಗಿದ್ದರೆ ಹಳ್ಳಿಯನ್ನೂ ಬಿಡಿ. ಹೆಸರು ಹಾಕಲು ಒಪ್ಪಿದವರ ಹೆಸರನ್ನು ಮಾತ್ರ ಪೂರ್ತಿ ಹಾಕಲೇಬೇಕು. ಇದು ನನ್ನ ಮನಸ್ಸಿಗೆ ಬಹಳ ಹತ್ತಿರದ ವಿಷಯ. ಹಾಡಿದವರನ್ನು 'ಜನಪದರು' ಎಂಬ ಒಂದೇ ಮಾತಿನಲ್ಲಿ ಮುಗಿಸಿ, ಬರೆದುಕೊಂಡವರ ಹೆಸರು ಮಾತ್ರ ಅಚ್ಚು ಮಾಡಿದ ಸಂಗ್ರಹಗಳಿವೆ. ಆ ಹಾಡು ಕಲಿತು, ನೆನಪಿಟ್ಟು, ಹಾಡಿದವರೂ ವಿದ್ವಾಂಸರೇ.

ಯೂಟ್ಯೂಬ್ ಉಪನ್ಯಾಸಕ್ಕೆ ಮಾತಾಡಿದವರ ಹೆಸರು ಮೊದಲು, ಚಾನೆಲ್ ಹೆಸರು ಆಮೇಲೆ. ಮಾತಾಡಿದ ದಿನ, ಅಪ್‌ಲೋಡ್ ಆದ ದಿನ ಎರಡೂ ಬೇರೆ ಇರಬಹುದು, ಗೊತ್ತಿದ್ದರೆ ಎರಡನ್ನೂ ಕೊಡಿ. ಪುಟಸಂಖ್ಯೆಯ ಬದಲು ಎಷ್ಟನೆಯ ನಿಮಿಷ ಎಂದು ಬರೆಯಿರಿ. ತಾಳಮದ್ದಳೆಯ ಧ್ವನಿಮುದ್ರಣ ಬಳಸುವವರಿಗೂ ಒಂದು ಮಾತು: ಪ್ರಸಂಗದ ಕವಿ ಒಬ್ಬರು, ಹಾಡುವ ಭಾಗವತರು ಒಬ್ಬರು, ಆಗಲೇ ಕಟ್ಟಿ ಅರ್ಥ ಹೇಳುವವರು ಇನ್ನೊಬ್ಬರು. ನೀವು ಎತ್ತಿಕೊಂಡದ್ದು ಅರ್ಥದ ಮಾತಾದರೆ ಅರ್ಥಧಾರಿಯ ಹೆಸರೇ ಮೊದಲು ಬರಬೇಕು.

ಸಾಫ್ಟ್‌ವೇರ್ ಕೆಲಸ ಮಾಡುತ್ತಾ ಪಿಎಚ್.ಡಿ. ಮಾಡುತ್ತಿರುವವರು:

ಸಿನಿಮಾ ಸುಲಭ: 'ಅಲ್ಲಮ. ನಿರ್ದೇಶನ: ಟಿ.ಎಸ್. ನಾಗಾಭರಣ, 2017'. ವೆಬ್ ಪುಟಕ್ಕೆ ಲೇಖಕರು, ತಲೆಬರಹ, ತಾಣದ ಹೆಸರು, ಕೊಂಡಿ, ನೀವು ನೋಡಿದ ದಿನಾಂಕ. ಕೊಂಡಿಗಳು ಬೇಗ ಸಾಯುತ್ತವೆ. ವೆಬ್ ಪುಟಗಳ ಪ್ರತಿ ಉಳಿಸಿಡುವ ವೇಬ್ಯಾಕ್ ಮಷೀನ್ ತಾಣದಲ್ಲಿ ಪುಟವನ್ನು ಉಳಿಸಿ ಆ ಕೊಂಡಿಯನ್ನೂ ಕೊಡಿ. ವಿಕಿಪೀಡಿಯದಲ್ಲಿ ಓದಿದ್ದರೆ ಅದರ ಕೆಳಗಿನ ಉಲ್ಲೇಖ ಹಿಡಿದು ಮೂಲಕ್ಕೆ ಹೋಗಿ.

ಪಟ್ಟಿ ಇಟ್ಟುಕೊಳ್ಳಲು ಜೊಟೆರೊ ಎಂಬ ತಂತ್ರಾಂಶ ಒಳ್ಳೆಯದು, ಉಚಿತ. ಹೆಸರಿನ ಜಾಗವನ್ನು ಒಂದೇ ಖಾನೆಯಾಗಿ ಬದಲಿಸಿಕೊಳ್ಳಬಹುದು. ಆಗ ಅದು 'ಅಲ್ಲಮಪ್ರಭು'ವನ್ನು ಎರಡು ತುಂಡು ಮಾಡುವುದಿಲ್ಲ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ ಯೂನಿಕೋಡ್‌ಗೆ ಬದಲಿಸಿಕೊಳ್ಳಿ, ಇಲ್ಲದಿದ್ದರೆ ಕಂಪ್ಯೂಟರ್ ಅಕಾರಾದಿಯಾಗಿ ಜೋಡಿಸುವುದಿಲ್ಲ. ಇನ್ನೊಂದು ವಿಷಯ, 'ಅದೇ, ಪು. 24' ಎಂಬ ಟಿಪ್ಪಣಿಗಳನ್ನು ಕರಡಿನಲ್ಲಿ ಬಳಸಬೇಡಿ. ಒಂದು ಪ್ಯಾರಾ ಆಚೀಚೆ ಸರಿಸಿದರೆ 'ಅದೇ' ಯಾವುದೆಂದು ತಪ್ಪಿಹೋಗುತ್ತದೆ. ಲೇಖಕರ ಹೆಸರು, ಚಿಕ್ಕ ಶೀರ್ಷಿಕೆ, ಪುಟ ಬರೆದರೆ ಆ ತೊಂದರೆ ಇಲ್ಲ.

ಕೃತಿಚೌರ್ಯದ ತಪಾಸಣೆಗೆ ಹೆದರಿ ಉಲ್ಲೇಖ ಕಡಿಮೆ ಮಾಡುವವರನ್ನು ನೋಡಿದ್ದೇನೆ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರ ನಿಯಮದಲ್ಲಿ ಗ್ರಂಥಋಣ, ಸರಿಯಾಗಿ ಉಲ್ಲೇಖಿಸಿದ ಮಾತುಗಳು ಹೋಲಿಕೆಯ ಲೆಕ್ಕಕ್ಕೆ ಬರುವುದಿಲ್ಲ. ಚಾಟ್‌ಜಿಪಿಟಿಯಂಥವನ್ನು ಕೇಳಿ ಪುಸ್ತಕಪಟ್ಟಿ ಮಾಡಿಸಿಕೊಳ್ಳುವುದಂತೂ ಬೇಡ. ಇಲ್ಲದ ಪುಸ್ತಕಕ್ಕೆ ನಂಬುವ ಹಾಗೆ ಲೇಖಕರನ್ನೂ ಇಸವಿಯನ್ನೂ ಸೇರಿಸಿ ಕೊಟ್ಟುಬಿಡುತ್ತವೆ.

ಕೇಳಿದವರು:

ಅಕ್ಕಾ, ಕೊನೆಯ ಪ್ರಶ್ನೆ. ವಾಟ್ಸಾಪ್‌ನಲ್ಲಿ ಬಂದ ಒಂದು ವಚನ ನನ್ನ ಅಧ್ಯಾಯಕ್ಕೆ ಚೆನ್ನಾಗಿ ಹೊಂದುತ್ತದೆ. ಕೆಳಗೆ ಅಲ್ಲಮಪ್ರಭು ಎಂದಿದೆ. ಮೂಲ ಗೊತ್ತಿಲ್ಲ.

ಶಾಸನ ಮತ್ತು ವಚನ ಸಾಹಿತ್ಯದ ಸಂಶೋಧಕಿ:

ಅಂಕಿತ ನೋಡು ಮೊದಲು, ಅಂದರೆ ವಚನದಲ್ಲಿ ವಚನಕಾರರ ಗುರುತಾಗಿ ಬರುವ ದೇವರ ಹೆಸರು. ಅಲ್ಲಮನ ಅಂಕಿತವಾದ ಗುಹೇಶ್ವರ ಇಲ್ಲದಿದ್ದರೆ ಅಲ್ಲೇ ಅನುಮಾನ ಪಡು. ಇದ್ದರೂ ಮೊದಲ ಸಾಲು ಹಿಡಿದು ಸಂಪುಟದಲ್ಲಿ ಹುಡುಕು. ಸಿಕ್ಕರೆ ಸಂಪುಟದ ಪಾಠವನ್ನೇ ಬರೆದುಕೊಂಡು ಅದರ ಸಂಖ್ಯೆ ಕೊಡು, ವಾಟ್ಸಾಪ್‌ನಲ್ಲಿ ಪದಗಳು ಬದಲಾಗಿರುತ್ತವೆ. ಸಿಗದಿದ್ದರೆ ಎಷ್ಟೇ ಚೆನ್ನಾಗಿದ್ದರೂ ಅಲ್ಲಮನ ಹೆಸರಿನಲ್ಲಿ ಬಳಸಬೇಡ. ಸಿಕ್ಕಿತೋ ಇಲ್ಲವೋ ಇಲ್ಲೇ ತಿಳಿಸು, ನಾನೂ ನನ್ನ ಹತ್ತಿರ ಇರುವ ಶೂನ್ಯಸಂಪಾದನೆಗಳಲ್ಲಿ ನೋಡುತ್ತೇನೆ.