ಅನ್ನ ಬಿಟ್ಟು ಮುದ್ದೆ ಹಿಡಿದರೆ ಇನ್ಸುಲಿನ್ ಪ್ರತಿರೋಧ ತಗ್ಗುತ್ತದೆಯೇ?

ದಾವಣಗೆರೆ ವ್ಯಾಪಾರಿ: ನನಗೆ 43 ವರ್ಷ. ಎತ್ತರ 168 ಸೆಂಟಿಮೀಟರ್, ತೂಕ 68 ಕಿಲೋ, ಸೊಂಟದ ಸುತ್ತಳತೆ 96 ಸೆಂಟಿಮೀಟರ್. ಖಾಲಿ ಹೊಟ್ಟೆಯ ಸಕ್ಕರೆ 108, ಎಚ್‌ಬಿಎ1ಸಿ 6.0 (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯ ಸೂಚಕ), ಖಾಲಿ ಹೊಟ್ಟೆಯ ಇನ್ಸುಲಿನ್ 18 ಬಂದಿದೆ. ಇದು ಇನ್ನೂ ಸಕ್ಕರೆ ಕಾಯಿಲೆಯಲ್ಲ, ಇನ್ಸುಲಿನ್ ಪ್ರತಿರೋಧ, ಅಂದರೆ ದೇಹ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದ ಸ್ಥಿತಿ. ಮಾತ್ರೆ ಸದ್ಯಕ್ಕೆ ಬೇಡ, ಊಟ ಸರಿಪಡಿಸಿಕೊಳ್ಳಿ ಎಂದು ವೈದ್ಯರು ಹೇಳಿದ್ದಾರೆ. ಮನೆಯಲ್ಲಿ ಎರಡು ಹೊತ್ತೂ ಅನ್ನ, ಅಂಗಡಿಯಲ್ಲಿ ದಿನವಿಡೀ ಕುಳಿತ ಕೆಲಸ, ಸಂಜೆ ಮಂಡಕ್ಕಿ ಮತ್ತು ಮಿರ್ಚಿ. ಸಿಹಿ ತಿನ್ನುವ ಅಭ್ಯಾಸ ಕಡಿಮೆ. ಅನ್ನದ ಬದಲು ರಾಗಿ ಮುದ್ದೆಗೆ ಹೊರಳಿದರೆ ಸಾಕೇ?

ಹೊಸದುರ್ಗದ ಕೃಷಿಕ: ಖಂಡಿತ ಸಾಕು ಸರ್. ರಾಗಿಯ ಕಾಳು ಚಿಕ್ಕದಾದ್ದರಿಂದ ಅಕ್ಕಿಯಂತೆ ತೌಡು ತೆಗೆದು ಬೆಳ್ಳಗೆ ಮಾಡುವ ರೂಢಿಯಿಲ್ಲ. ಸಿಪ್ಪೆಯ ಸಮೇತ ಹಿಟ್ಟಾಗುವುದರಿಂದ ನಾರಿನಂಶವೂ ಸುಣ್ಣದಂಶವೂ ಉಳಿಯುತ್ತವೆ. ನಮ್ಮ ಭಾಗದ ಸಾಮೆ, ನವಣೆಗಳೂ ಹಾಗೆಯೇ. ನಮ್ಮ ತಂದೆಯವರು ಹೊತ್ತಿಗೆ ಎರಡು ಮುದ್ದೆ ಉಂಡರೂ ಕೊನೆಯವರೆಗೆ ಸಕ್ಕರೆ ಕಾಯಿಲೆಯ ಸೋಂಕಿಲ್ಲದೆ ಬದುಕಿದರು.

ಆಹಾರ ತಜ್ಞೆ, ಚಿತ್ರದುರ್ಗ: ಕೃಷಿಕರು ಹೇಳಿದ ಅರ್ಧ ಭಾಗವನ್ನು ಒಪ್ಪುತ್ತೇನೆ. ಆದರೆ ನೂರು ಗ್ರಾಂ ರಾಗಿಯಲ್ಲಿಯೂ ಸುಮಾರು ಎಪ್ಪತ್ತು ಗ್ರಾಂನಷ್ಟು ಕಾರ್ಬೋಹೈಡ್ರೇಟ್, ಅದರಲ್ಲಿ ಹೆಚ್ಚಿನದು ಪಿಷ್ಟ, ಇರುತ್ತದೆ, ಪ್ರೋಟೀನ್ ಏಳು ಗ್ರಾಂ ಆಸುಪಾಸು ಮಾತ್ರ. ನುಣ್ಣಗೆ ಬೀಸಿದ ಹಿಟ್ಟನ್ನು ಬೇಯಿಸಿ ತೊಳಸಿದ ಮುದ್ದೆ ಬೇಗ ಜೀರ್ಣವಾಗುತ್ತದೆ. ಆದ್ದರಿಂದ ತಟ್ಟೆ ತುಂಬ ಅನ್ನ ಉಣ್ಣುತ್ತಿದ್ದವರು ಎರಡು ದೊಡ್ಡ ಮುದ್ದೆ ನುಂಗತೊಡಗಿದರೆ ಧಾನ್ಯ ಬದಲಾಗುತ್ತದೆಯೇ ಹೊರತು ದೇಹದ ಮೇಲಿನ ಹೊರೆ ಅಷ್ಟಾಗಿ ತಗ್ಗುವುದಿಲ್ಲ. ಸಾಮೆಯೂ ಈಗ ಅಂಗಡಿಗಳಲ್ಲಿ ಹೆಚ್ಚಾಗಿ ಪಾಲಿಶ್ ಆಗಿ ಬಿಳಿ ಬಣ್ಣದಲ್ಲಿಯೇ ಸಿಗುತ್ತದೆ.

ವ್ಯಾಪಾರಿಗಳ ಖಾಲಿ ಹೊಟ್ಟೆಯ ಸಕ್ಕರೆಯನ್ನು ಇನ್ಸುಲಿನ್‌ನಿಂದ ಗುಣಿಸಿ 405ರಿಂದ ಭಾಗಿಸಿದರೆ 4.8 ಬರುತ್ತದೆ. ಹೋಮಾ ಎಂದು ಕರೆಯುವ ಈ ಅಂದಾಜು ಸಾಮಾನ್ಯವಾಗಿ 2.5 ದಾಟಿದರೆ ಪ್ರತಿರೋಧವನ್ನು ಶಂಕಿಸುತ್ತಾರೆ. ಅಂದರೆ ಸಕ್ಕರೆಯನ್ನು 108ರಲ್ಲಿ ಹಿಡಿದಿಡಲು ಮೇದೋಜೀರಕ ಗ್ರಂಥಿ ಮಾಮೂಲಿಗಿಂತ ಬಹಳ ಹೆಚ್ಚು ಇನ್ಸುಲಿನ್ ಸುರಿಸಬೇಕಾಗಿದೆ. ಕೊಬ್ಬು ಸೇರಿಕೊಂಡ ಯಕೃತ್ತು ಮತ್ತು ಸ್ನಾಯುಗಳು, ಗೋದಾಮು ತುಂಬಿದ ವ್ಯಾಪಾರಿ ಹೊಸ ಸರಕನ್ನು ಬಾಗಿಲಲ್ಲೇ ತಡೆಯುವಂತೆ, ಇನ್ಸುಲಿನ್ನಿನ ಮಾತನ್ನು ಕೇಳುತ್ತಿಲ್ಲ. ಬಾಗಿಲಿಗೆ ಬರುವ ಸರಕು ಯಾವ ಧಾನ್ಯದ್ದು ಎಂಬುದಕ್ಕಿಂತ ಗೋದಾಮು ಖಾಲಿಯಾಗುವುದು ಮುಖ್ಯ.

ಕಡಿಮೆ ಪಿಷ್ಟದ ಪರವಾದಿ: ಹಾಗಾದರೆ ನೇರವಾಗಿಯೇ ಹೇಳಿ ಮೇಡಂ: ಅನ್ನ, ಮುದ್ದೆ, ರೊಟ್ಟಿ ಎಲ್ಲವನ್ನೂ ಬಿಡಲಿ. ಮೊಟ್ಟೆ, ಮಾಂಸ, ಪನೀರ್, ತುಪ್ಪ, ಬೆಣ್ಣೆ ಹೊಟ್ಟೆ ತುಂಬ ತಿನ್ನಲಿ. ಪಿಷ್ಟವೇ ಇಲ್ಲದಿದ್ದರೆ ಇನ್ಸುಲಿನ್ನಿಗೆ ಕೆಲಸವೆಲ್ಲಿದೆ? ಬೆಣ್ಣೆ ದೋಸೆಯಲ್ಲಿ ತಪ್ಪು ದೋಸೆಯದು, ಬೆಣ್ಣೆಯದಲ್ಲ.

ಆಹಾರ ತಜ್ಞೆ, ಚಿತ್ರದುರ್ಗ: ದಾವಣಗೆರೆಯವರಿಗೆ ಈ ಮಾತು ಹಿತವಾಗಿಯೇ ಕೇಳಿಸೀತು. ಪಿಷ್ಟ ತಗ್ಗಿಸಿದರೆ ಊಟದ ನಂತರದ ಸಕ್ಕರೆ ಇಳಿಯುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅಗತ್ಯ ಮೀರಿ ತಿಂದ ಬೆಣ್ಣೆ ತುಪ್ಪಗಳ ಸ್ಯಾಚುರೇಟೆಡ್ ಕೊಬ್ಬು ಯಕೃತ್ತಿನ ಕೊಬ್ಬನ್ನೇ ಹೆಚ್ಚಿಸುತ್ತದೆ. ಆಗ ಮೂಲ ದೋಷ ಉಳಿದು ಲಕ್ಷಣವಷ್ಟೇ ಮರೆಯಾಗುತ್ತದೆ. ಬ್ರಿಟನ್ನಿನಲ್ಲಿ ನಡೆದು 2018ರಲ್ಲಿ ಮೊದಲ ವರ್ಷದ ಫಲಿತಾಂಶ ಪ್ರಕಟವಾದ ಡೈರೆಕ್ಟ್ ಎಂಬ ಪ್ರಯೋಗವನ್ನು ನೋಡಿ. ವೈದ್ಯರ ಉಸ್ತುವಾರಿಯಲ್ಲಿ ಕೆಲವು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ಆಹಾರ ಕೊಟ್ಟು ತೂಕ ಇಳಿಸಿದಾಗ, ಎರಡನೇ ಬಗೆಯ ಮಧುಮೇಹವಿದ್ದವರಲ್ಲಿ ಶೇ. 46ರಷ್ಟು ಮಂದಿ ಒಂದು ವರ್ಷದ ಹೊತ್ತಿಗೆ ಮಾತ್ರೆಯಿಲ್ಲದೆ ಮಧುಮೇಹದ ಮಿತಿಯ ಕೆಳಗಿದ್ದರು. ಆ ಆಹಾರ ಪಿಷ್ಟರಹಿತವೇನೂ ಆಗಿರಲಿಲ್ಲ. ಹದಿನೈದು ಕಿಲೋ ಅಥವಾ ಹೆಚ್ಚು ಇಳಿಸಿಕೊಂಡವರಲ್ಲಿ ಈ ಪ್ರಮಾಣ ಶೇ. 86. ಮನೆಯಲ್ಲಿ ತಾವಾಗಿಯೇ ಮಾಡಿಕೊಳ್ಳುವ ಪಥ್ಯ ಇದಲ್ಲ ಎಂಬುದನ್ನೂ ಸೇರಿಸಿ ಹೇಳುತ್ತೇನೆ.

ನಿವೃತ್ತ ಉಪನ್ಯಾಸಕ: 68 ಕಿಲೋ ತೂಕದ ಮನುಷ್ಯನಿಗೆ ತೂಕ ಇಳಿಸಿ ಎನ್ನುವುದು ವಿಚಿತ್ರವಾಗಿ ಕಾಣುತ್ತದೆ. ಅವರು ದಪ್ಪಗಿಲ್ಲವಲ್ಲ?

ಆಹಾರ ತಜ್ಞೆ, ಚಿತ್ರದುರ್ಗ: ನೋಡಲು ದಪ್ಪಗಿಲ್ಲ, ಸರ್. ಆದರೆ ಭಾರತೀಯ ಗಂಡಸರಿಗೆ ಸೊಂಟದ ಮಿತಿ 90 ಸೆಂಟಿಮೀಟರ್, ಹೆಂಗಸರಿಗೆ 80. ಕೈಕಾಲು ಸಣ್ಣಗಿದ್ದು ಹೊಟ್ಟೆಯೊಳಗೆ ಕೊಬ್ಬು ತುಂಬಿಕೊಳ್ಳುವ ಈ ಮೈಕಟ್ಟನ್ನೇ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರು ವರ್ಷಗಟ್ಟಲೆ ಅಧ್ಯಯನ ಮಾಡಿ ತೋರಿಸಿದ್ದಾರೆ. ವ್ಯಾಪಾರಿಗಳು ನಾಲ್ಕೈದು ಕಿಲೋ ಇಳಿಸಿದರೂ ವ್ಯತ್ಯಾಸ ಕಂಡೀತು.

ಹೊಸದುರ್ಗದ ಕೃಷಿಕ: ನಮ್ಮ ತಂದೆಯವರ ವಿಷಯಕ್ಕೆ ಉತ್ತರ ಬರಲಿಲ್ಲ.

ನಿವೃತ್ತ ಉಪನ್ಯಾಸಕ: ಅದಕ್ಕೆ ಉತ್ತರ ಮುದ್ದೆಯಲ್ಲಿಲ್ಲ, ನೇಗಿಲಿನಲ್ಲಿದೆ. ದುಡಿಯುವ ಸ್ನಾಯು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ರಕ್ತದಿಂದ ಗ್ಲೂಕೋಸನ್ನು ಎಳೆದುಕೊಳ್ಳುತ್ತದೆ ಎಂದು ಶರೀರಶಾಸ್ತ್ರ ಹೇಳುತ್ತದೆ. ನಿಮ್ಮ ತಂದೆಯವರು ಅದೇ ಎರಡು ಮುದ್ದೆ ಉಂಡು ಗಲ್ಲಾ ಪೆಟ್ಟಿಗೆಯ ಮುಂದೆ ಕುಳಿತಿದ್ದರೆ ಏನಾಗುತ್ತಿತ್ತೆಂದು ಹೇಳುವುದು ಕಷ್ಟ.

ಹೊಸದುರ್ಗದ ಕೃಷಿಕ: ಆ ಮಾತು ಸರಿ. ಆದರೂ ಅದೇ ಅಳತೆಯ ಅನ್ನಕ್ಕಿಂತ ಅದೇ ಅಳತೆಯ ನವಣೆ ಮೇಲು ಎಂಬ ನನ್ನ ಮಾತನ್ನು ನಾನು ಬಿಟ್ಟುಕೊಡುವುದಿಲ್ಲ.

ಆಹಾರ ತಜ್ಞೆ, ಚಿತ್ರದುರ್ಗ: ಬಿಟ್ಟುಕೊಡಬೇಕಾಗಿಯೂ ಇಲ್ಲ, ಅಳತೆ ಅದೇ ಇರಬೇಕೆಂಬುದಷ್ಟೇ ನನ್ನ ತಕರಾರು. ವ್ಯಾಪಾರಿಗಳು ಮೊದಲು ಕೈಹಾಕಬೇಕಾದದ್ದು ಸಂಜೆಯ ತಿಂಡಿಗೆ. ಮಂಡಕ್ಕಿ ಹೊಟ್ಟೆಗೆ ಹಗುರ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ಅರಳಿಸಿದ ಅಕ್ಕಿಯ ಪಿಷ್ಟ ಅನ್ನಕ್ಕಿಂತಲೂ ಬೇಗ ಸಕ್ಕರೆಯಾಗುತ್ತದೆ, ಜೊತೆಗೆ ಮಿರ್ಚಿಯ ಎಣ್ಣೆ ಸೇರುತ್ತದೆ. ಅದರ ಬದಲು ಬೇಯಿಸಿದ ಕಡಲೆ ಅಥವಾ ಮೊಳಕೆ ಹೆಸರುಕಾಳು ತಿನ್ನಬಹುದು. ಮಧ್ಯಾಹ್ನ ಒಂದೇ ಸಣ್ಣ ಮುದ್ದೆ ಅಥವಾ ಒಂದು ಜೋಳದ ರೊಟ್ಟಿ ಇರಲಿ, ಹುರುಳಿಯೋ ಅವರೆಯೋ ಇರುವ ಸಾರು ಧಾರಾಳವಾಗಿರಲಿ, ಪಲ್ಯ ಮತ್ತು ಕಾಳನ್ನು ಮೊದಲು ತಿಂದು ಪಿಷ್ಟವನ್ನು ಕೊನೆಗೆ ತಿನ್ನಲಿ. ಹೀಗೆ ಕ್ರಮ ಬದಲಿಸುವುದರಿಂದಲೇ ಊಟದ ನಂತರದ ಏರಿಕೆ ತಗ್ಗುತ್ತದೆ. ಉಂಡ ಮೇಲೆ ಹದಿನೈದು ನಿಮಿಷ ನಡೆಯಲಿ.

ದಾವಣಗೆರೆ ವ್ಯಾಪಾರಿ: ಇಷ್ಟು ಮಾಡಿದರೆ ಮುಂದೆ ಕಾಯಿಲೆ ಬರುವುದೇ ಇಲ್ಲವೇ?

ಆಹಾರ ತಜ್ಞೆ, ಚಿತ್ರದುರ್ಗ: ಬರುವುದೇ ಇಲ್ಲ ಎಂದು ಯಾರೂ ಬರೆದುಕೊಡಲಾರರು. ನಿಮ್ಮಂಥ ಸ್ಥಿತಿಯಲ್ಲಿದ್ದವರ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಹಾರ ಮತ್ತು ನಡಿಗೆಯಿಂದ ಮಧುಮೇಹದ ಸಾಧ್ಯತೆ ಶೇ. 58ರಷ್ಟು ತಗ್ಗಿತ್ತು, 2006ರಲ್ಲಿ ಪ್ರಕಟವಾದ ಭಾರತದ ಅಧ್ಯಯನದಲ್ಲಿ ಶೇ. 28.5ರಷ್ಟು. ಎರಡನೆಯದನ್ನೇ ನಮ್ಮ ಲೆಕ್ಕಕ್ಕೆ ಇಟ್ಟುಕೊಳ್ಳುವುದು ಪ್ರಾಮಾಣಿಕ.

ಹೊಸದುರ್ಗದ ಕೃಷಿಕ: ನಮ್ಮ ಅಣ್ಣನಿಗೆ ಆಗಲೇ ಕಾಯಿಲೆಯಿದೆ, ಗ್ಲಿಮೆಪಿರೈಡ್ ಮಾತ್ರೆ ನುಂಗುತ್ತಾನೆ. ಅವನೂ ನಾಳೆಯಿಂದ ಮುದ್ದೆ ಅರ್ಧ ಮಾಡಬಹುದೇ?

ಆಹಾರ ತಜ್ಞೆ, ಚಿತ್ರದುರ್ಗ: ನಾಳೆಯಿಂದಲೇ ಬೇಡ. ಆ ಮಾತ್ರೆ ಊಟವಿರಲಿ ಬಿಡಲಿ ಇನ್ಸುಲಿನ್ ಬಿಡುಗಡೆ ಮಾಡಿಸುತ್ತದೆ. ಪಿಷ್ಟವನ್ನು ಒಮ್ಮೆಲೇ ಅರ್ಧಕ್ಕಿಳಿಸಿದರೆ ಸಕ್ಕರೆ ಕುಸಿದು ಬೆವರು, ನಡುಕ, ಎಚ್ಚರ ತಪ್ಪುವ ಅಪಾಯವೂ ಇದೆ. ಊಟ ಬದಲಿಸುವ ಮೊದಲು ವೈದ್ಯರಿಗೆ ತಿಳಿಸಿ ಮಾತ್ರೆಯ ಪ್ರಮಾಣ ಹೊಂದಿಸಿಕೊಳ್ಳಲಿ.